ತಾಲ್ಲೂಕು ಊರಲ್ಲಿ ಬೇಕರಿ: ನಾವೇ ಮಾಡಬೇಕಾ, ತರಿಸಿ ಮಾರಬೇಕಾ?

ಕಲ್ಪತರು_ಊರು
ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು. ನಮ್ಮ ಯಜಮಾನರು ಬೆಂಗಳೂರಿನ ಒಂದು ಬೇಕರಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದರು, ಈಗ ಊರಿಗೇ ಬಂದುಬಿಟ್ಟಿದ್ದೇವೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ನೋಡಿದ್ದೇವೆ, ಹಿಂದೆ ಒಂದು ರೂಮೂ ಇದೆ. ಕೈಯಲ್ಲಿರುವುದು 6 ಲಕ್ಷ, ಅದರಲ್ಲಿ ಒಂದೂವರೆ ಅಡ್ವಾನ್ಸಿಗೇ ಹೋಗುತ್ತದೆ. ಬ್ರೆಡ್, ಬನ್, ಪಫ್, ಬಿಸ್ಕತ್ತು ಎಲ್ಲ ನಾವೇ ಮಾಡಬೇಕು ಅಂತ ನನಗೆ ಆಸೆ. ನಮ್ಮ ಭಾವ ಮಾತ್ರ, ಎಲ್ಲಾ ತುಮಕೂರಿನಿಂದ ತರಿಸಿ ಮಾರಿ, ಓವನ್ ಸಹವಾಸ ಬೇಡ ಅನ್ನುತ್ತಾರೆ. ಬೇಕರಿ ನಡೆಸುತ್ತಿರುವವರು ಹೇಳಿ, ಯಾವುದು ಸರಿ? ಲೈಸೆನ್ಸ್ ಏನೇನು ಬೇಕು ಅನ್ನೋದೂ ಗೊತ್ತಿಲ್ಲ.

ಖಾರಾಬನ್
ನಿಮ್ಮ ಭಾವ ಹೇಳಿದ್ದರಲ್ಲಿ ಅರ್ಧ ಸರಿ ಇದೆ ಮೇಡಂ. ನಾನು ಹಾಸನದ ಕಡೆಯವನು, ನಮ್ಮ ಮನೆಯಲ್ಲಿ ಇದೇ ಕಸುಬು. ಎಲ್ಲವನ್ನೂ ನೀವೇ ಮಾಡಲು ಹೋದರೆ ಭಟ್ಟಿ ಕೆಲಸ ಗೊತ್ತಿರುವ ಮಾಸ್ಟರ್ ಒಬ್ಬ ಬೇಕು, ಹೆಲ್ಪರ್ ಬೇಕು. ಹಬ್ಬಕ್ಕೆ ಊರಿಗೆ ಹೋದ ಮಾಸ್ಟರ್ ವಾಪಸ್ ಬರುವವರೆಗೆ ಅಂಗಡಿ ನಿಮ್ಮದಲ್ಲ, ಅವನದು. ಹಾಗಂತ ಎಲ್ಲ ತರಿಸಿ ಮಾರಿದರೆ ಪಕ್ಕದ ಅಂಗಡಿಯಲ್ಲೂ ಅದೇ ಬನ್ನು, ಅದೇ ರಸ್ಕು. ನಿಮ್ಮ ಹತ್ತಿರವೇ ಯಾಕೆ ಬರಬೇಕು ಜನ?

ನಾನಾದರೆ ಬನ್, ಬ್ರೆಡ್, ಖಾರಾ ಬನ್ ಇಷ್ಟನ್ನೇ ಮಾಡುತ್ತೇನೆ. ಮೂರಕ್ಕೂ ಹೆಚ್ಚೂ ಕಡಿಮೆ ಒಂದೇ ಹಿಟ್ಟು. 10 ಕೆಜಿ ಮೈದಾಗೆ ನೀರು, ಸಕ್ಕರೆ, ಎಣ್ಣೆ, ಉಪ್ಪು, ಈಸ್ಟ್ ಎಲ್ಲ ಸೇರಿ ಹದಿನಾರು ಹದಿನೇಳು ಕೆಜಿ ಹಿಟ್ಟು ಬರುತ್ತದೆ. 450 ಗ್ರಾಂ ತೂಗಿ ಅಚ್ಚಿಗೆ ಹಾಕಿದರೆ ಬೆಂದ ಮೇಲೆ 400 ಗ್ರಾಂ ಬ್ರೆಡ್, ಸುಮಾರು 36 ಆಗುತ್ತದೆ. ನಿಮ್ಮೂರಿನ ಮೈದಾ ರೇಟು ಹಾಕಿ ಲೆಕ್ಕ ಮಾಡಿ, ಗ್ಯಾಸು, ಕರೆಂಟು, ಕವರು, ಉಳಿದ ಮಾಲು ಎಲ್ಲ ಸೇರಿಸಿ. ಉಳಿದಿದ್ದನ್ನು ಲೆಕ್ಕಕ್ಕೆ ಸೇರಿಸದೆ ಲಾಭ ಬಂತು ಅಂತ ಕುಣಿಯುವವರೇ ಜಾಸ್ತಿ. ಮಿಕ್ಕ ಬ್ರೆಡ್ಡನ್ನು ಮಾರನೇ ದಿನವೇ ರಸ್ಕ್ ಮಾಡಬಹುದು, ಪಫ್ ಮಿಕ್ಕರೆ ಏನೂ ಮಾಡಲು ಆಗಲ್ಲ. ಪಫ್ ತರಿಸಿ. ಬೇಸಿಗೆಯಲ್ಲಿ ಎಸಿ ಇಲ್ಲದ ರೂಮಲ್ಲಿ ಪಫ್ ಪದರಕ್ಕೆ ಹಾಕುವ ಮಾರ್ಗರೀನ್ ಕೊಬ್ಬು ಕರಗಿ ಪದರವೇ ಏಳಲ್ಲ.

ಇನ್ನೊಂದು, ತಿಪಟೂರಲ್ಲಿ ಕೂತು ಕೊಬ್ಬರಿ ಬಿಸ್ಕತ್ತನ್ನು ತುಮಕೂರಿಂದ ತರಿಸ್ತೀರಾ? ಅದನ್ನು ನೀವೇ ಮಾಡಿ, ಕೊಬ್ಬರಿ ರೇಟು ಏರಿದಾಗ ಬೆಲೆ ನೋಡಿಕೊಂಡರಾಯಿತು. ಹಸಿ ತೆಂಗಿನ ತುರಿ ಹಾಕುವ ದಿಲ್‌ಪಸಂದ್ ಮಾತ್ರ ಹುಷಾರು, ಸೆಕೆಗೆ ಬೇಗ ಹುಳಿಯಾಗುತ್ತದೆ.

ಜಮಾಖರ್ಚು
ಲೈಸೆನ್ಸ್ ಬಗ್ಗೆ ನಾನು ಹೇಳುತ್ತೇನೆ. ನಗರಸಭೆಯ ಟ್ರೇಡ್ ಲೈಸೆನ್ಸ್ ಬೇಕು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕಡೆ ಸಣ್ಣ ಅಂಗಡಿಗೆ ರಿಜಿಸ್ಟ್ರೇಷನ್ ಸಾಕು, ಆನ್‌ಲೈನಲ್ಲೇ ಆಗುತ್ತದೆ, ಫೀಸು ವರ್ಷಕ್ಕೆ 100 ರೂಪಾಯಿ. ಇದಕ್ಕೆ ಏಜೆಂಟಿಗೆ ಸಾವಿರಗಟ್ಟಲೆ ಕೊಡಬೇಡಿ.

ಜಿಎಸ್‌ಟಿ ವಿಷಯ ಗಮನ ಇಟ್ಟು ಓದಿ. ಬ್ರೆಡ್ಡಿಗೆ ತೆರಿಗೆ ಇಲ್ಲ. ಕೇಕ್, ಬಿಸ್ಕತ್ತಿಗೆ 18% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಆದರೆ ಜಿಎಸ್‌ಟಿ ನೋಂದಣಿಗಿರುವ, ವರ್ಷಕ್ಕೆ 40 ಲಕ್ಷ ವಹಿವಾಟಿನ ಮಿತಿ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಬ್ರೆಡ್ಡು, ಹಾಲು ಮಾರಿದ್ದೂ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂದು ಗಲಾಟೆ ಆಯ್ತಲ್ಲ, ಆಮೇಲೆ ಎಷ್ಟೋ ಅಂಗಡಿಯವರು ಸ್ಕ್ಯಾನರೇ ತೆಗೆದು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದರು. ಅದು ದಾರಿ ಅಲ್ಲ. ಮೊದಲ ದಿನದಿಂದ ಪುಸ್ತಕ ಬರೆಯಿರಿ, ಮನೆ ದುಡ್ಡು ಬೇರೆ ಖಾತೆ, ಅಂಗಡಿ ದುಡ್ಡು ಬೇರೆ ಖಾತೆ. ಮಿತಿ ದಾಟಿದರೆ ಕಾಂಪೋಸಿಷನ್ ಅಂತ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿ ಇದೆ, ವಹಿವಾಟಿನ 1% ಕಟ್ಟಿದರೆ ಮುಗೀತು.

ಸಬ್ಸಿಡಿ: 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಎಂಬ ಸಣ್ಣ ಆಹಾರ ತಯಾರಕರ ಯೋಜನೆಯಲ್ಲಿ ಘಟಕದ ಖರ್ಚಿಗೆ ಸಿಗುವ 35% ಜೊತೆಗೆ ನಮ್ಮ ರಾಜ್ಯ 15% ಸೇರಿಸಿತ್ತು. ಆದರೆ ಅದು ತಯಾರು ಮಾಡುವವರಿಗೆ, ತಂದು ಮಾರುವವರಿಗಲ್ಲ. ಬ್ಯಾಂಕ್ ಸಾಲ ತಗೊಂಡರೆ ಮಾತ್ರ. ದುಡ್ಡು ಕೈಗೆ ಬರಲ್ಲ, ಸಾಲದ ಖಾತೆಗೆ ಹೋಗುತ್ತದೆ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ.

ಮಲೆನಾಡ್_ರಸ್ಕ್
@ಖಾರಾಬನ್ ಅವರಿಗೆ, ಬ್ರೆಡ್ ಅಷ್ಟು ಸುಲಭ ಅಂತ ಹೇಳಬೇಡಿ ಸಾರ್. ಬೇಸಿಗೆಯಲ್ಲಿ ಬ್ರೆಡ್ ಒಳಗೆ ಅಂಟಂಟಾಗಿ, ಮುರಿದರೆ ನೂಲಿನ ಹಾಗೆ ಎಳೆ ಬಂದು, ಕೊಳೆತ ಹಣ್ಣಿನ ವಾಸನೆ ಹೊಡೆಯುತ್ತದೆ, ನೋಡಿರುತ್ತೀರಿ. ಆ ಬ್ಯಾಕ್ಟೀರಿಯಾ ಮೈದಾದಲ್ಲೇ ಬರುತ್ತದೆ, ಓವನ್ ಬಿಸಿಗೂ ಪೂರ್ತಿ ಸಾಯಲ್ಲ. ಮೇಜು, ಅಚ್ಚು ಎಲ್ಲ ವಿನೆಗರ್ ಹಾಕಿ ಒರೆಸಬೇಕು. ಬ್ರೆಡ್ ಪೂರ್ತಿ ಆರದೆ ಕವರಿಗೆ ಹಾಕಲೇಬಾರದು. ಬ್ರೆಡ್ ಚೆನ್ನಾಗಿ ಉಬ್ಬಲು ಹಿಟ್ಟಿಗೆ ಹಾಕುವ ಇಂಪ್ರೂವರ್ ಪುಡಿ ತಗೊಳ್ಳುವಾಗ ಪ್ಯಾಕೆಟ್ ಓದಿ, ಪೊಟ್ಯಾಶಿಯಂ ಬ್ರೋಮೇಟ್ 2016ರಲ್ಲೇ ಬ್ಯಾನ್ ಆಗಿದೆ. ಕೇಕಿಗೆ ಕಣ್ಣು ಕುಕ್ಕುವ ಕೆಂಪು ಬಣ್ಣ ಸುರಿಯುವುದೂ ಬೇಡ. 2024ರಲ್ಲಿ ಬೆಂಗಳೂರಲ್ಲಿ ಪರೀಕ್ಷೆ ಮಾಡಿದಾಗ 235 ಸ್ಯಾಂಪಲ್‌ನಲ್ಲಿ 12 ಫೇಲ್ ಆಗಿದ್ದವು.

ಯಜಮಾನರು ಕೌಂಟರ್ ನೋಡಿದವರು ಅಂದಿರಿ, ಭಟ್ಟಿ ಕೆಲಸ ಅಲ್ಲ. ಹಾಗಾಗಿ ನಿಮ್ಮಲ್ಲಿ ಒಬ್ಬರು ಕಲಿತೇ ಇಳಿಯಿರಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಇದೆ, ಖಾಸಗಿಯವರಿಗಿಂತ ಫೀಸೂ ಕಡಿಮೆ.

ಕಲ್ಪತರು_ಊರು
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹೆಬ್ಬಾಳಕ್ಕೆ ನಾನೇ ಹೋಗುತ್ತೇನೆ, ಅವರು ಅಂಗಡಿ ನೋಡಿಕೊಳ್ಳಲಿ. ಓವನ್ ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಖಾರಾಬನ್
ಓವನ್ ತಗೊಳ್ಳಿ, ತೊಂದರೆ ಇಲ್ಲ, ಆದರೆ ಎದುರಿಗೇ ಒಂದು ಟ್ರೇ ಬನ್ ಬೇಯಿಸಿ ತೋರಿಸಲು ಹೇಳಿ. ಒಂದು ಮೂಲೆ ಕಪ್ಪು, ಒಂದು ಮೂಲೆ ಬಿಳಿ ಬಂದರೆ ಬಿಟ್ಟು ಬನ್ನಿ. ಹಿಟ್ಟು ಕಲಸುವ ಮಿಷನ್ ಮಾತ್ರ ಹೊಸದೇ ಇರಲಿ. ಮೊದಲು ಮಳಿಗೆ ಮಾಲೀಕರನ್ನು ಕೇಳಿ, ತ್ರೀ ಫೇಸ್ ಕರೆಂಟ್ ಹಾಕಿಸಲು ಬಿಡುತ್ತಾರಾ, ಹಿಂದಿನ ರೂಮಿಂದ ಹೊಗೆ ಕೊಳವೆ ಮೇಲಕ್ಕೆ ಬಿಡಬಹುದಾ ಅಂತ. ಮೇಲೆ ಬಾಡಿಗೆ ಮನೆ ಇದ್ದರೆ ಅವರನ್ನೂ. ಇದನ್ನು ಕರಾರು ಪತ್ರದಲ್ಲೇ ಬರೆಸಿ, ಆಮೇಲೆ ಅಡ್ವಾನ್ಸ್ ಕೊಡಿ.