ಬಡಾವಣೆ ನಿವಾಸಿಗಳ ಸಂಘದ ಕಟ್ಟಡದ ಕೆಳಗಿನ ಕೋಣೆಯನ್ನು ಮಕ್ಕಳಿಗೆ ಬಿಟ್ಟುಕೊಡೋಣವೇ?

ಮನೆ 27, 3ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಮೆಸೇಜ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮಂಗಳವಾರ ಸಂಜೆ ಮಳೆ ಅಂತ ನಾಲ್ಕು ಮಕ್ಕಳು ನಮ್ಮ ಪೋರ್ಟಿಕೋದಲ್ಲಿ ಆಡುತ್ತಿದ್ದರು. ನಮ್ಮ ಯಜಮಾನರು ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಹಿಂದಿನ ಚಕ್ರದ ಹತ್ತಿರ ಮೂರು ವರ್ಷದ ಹುಡುಗಿ ಕುಕ್ಕರಗಾಲಲ್ಲಿ ಕೂತು ಕಾಗದದ ದೋಣಿ ಬಿಡುತ್ತಿದ್ದಳು. ನಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗಳು. ಕನ್ನಡಿಯಲ್ಲಿ ಕಾಣುವಷ್ಟು ಎತ್ತರವೂ ಇಲ್ಲ. ಅವಳ ಅಮ್ಮ ಕಿಟಕಿಯಿಂದ ನೋಡಿ ಕಿರುಚಿದರು, ಕಾರು ನಿಂತಿತು. ಇಳಿದು ನೋಡಿದರೆ ಚಕ್ರಕ್ಕೂ ಅವಳ ಕಾಲಿಗೂ ಒಂದು ಗೇಣು. ದೋಣಿ ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಮ್ಮ ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಇದ್ದದ್ದೇ. ಪಾರ್ಕಿನ ಜಾರುಬಂಡೆ ಕೆಳಗೆ ನೀರು ನಿಂತಿದೆ, ನಡೆಯುವ ದಾರಿ ತುಂಬ ಪಾಚಿ. ಮಕ್ಕಳು ಇರುವುದು ಪೋರ್ಟಿಕೋದಲ್ಲಿ, ಇಲ್ಲಾಂದ್ರೆ ಮೊಬೈಲ್ ಮುಂದೆ. 3–4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಓಡಿ ಕುಣಿದು ಉಸಿರು ಏರುವ ಹಾಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕೂತು ಸ್ಕ್ರೀನ್ ನೋಡುವುದು ಒಂದು ಗಂಟೆ ಮೀರಬಾರದು. ನಮ್ಮ ಮನೆಯಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಆಗಿದೆ.

ಸಂಘದ ಕಟ್ಟಡದ ಕೆಳಗಿನ ಕೋಣೆ ಸುಮ್ನೆ ಬಿದ್ದಿದೆ. ಗಣಪತಿ ಪೆಂಡಾಲಿನ ಕಂಬ, ಮುರಿದ ಕುರ್ಚಿ, ಹಳೇ ಬ್ಯಾನರ್ ಬಿಟ್ಟರೆ ಅಲ್ಲಿ ಏನಿಲ್ಲ. ಟೇಪ್ ಹಿಡಿದು ಅಳೆದೆ: 18 ಅಡಿ ಅಗಲ, 24 ಅಡಿ ಉದ್ದ. 1ರಿಂದ 6 ವರ್ಷದ ಮಕ್ಕಳಿಗೆ ಸಂಜೆ 4:30ರಿಂದ 6:30ರ ತನಕ ಆಡುವ ಕೋಣೆ ಮಾಡೋಣ. ಬಡಾವಣೆಯಲ್ಲಿ ವಾಸ ಇರುವವರ ಮಕ್ಕಳು, ಇಲ್ಲಿ ಕೆಲಸಕ್ಕೆ ಬರುವವರ ಮಕ್ಕಳು, ಎಲ್ಲರಿಗೂ. ಫೀಸ್ ಬೇಡ. ನಿಮ್ಮ ಅಭಿಪ್ರಾಯ ಹೇಳಿ.

ಮನೆ 40:
ಖಂಡಿತ ಮಾಡೋಣ ಅಕ್ಕಾ. ನಮ್ಮ ಅವಳಿಗಳು ಸೋಫಾದಿಂದ ಹಾರಿ ಹಾರಿ ಕೆಳಗಿನ ಮನೆಯವರಿಗೆ ನೆಮ್ಮದಿಯೇ ಇಲ್ಲ. ಆ ಕೋಣೆಯಲ್ಲಿ ಚೆಂಡು ತುಂಬಿದ ಬಾಲ್ ಪೂಲ್ ಇಡಬಹುದಾ?

ಮನೆ 18 (ಮಕ್ಕಳ ವಾರ್ಡಿನ ನರ್ಸ್):
ಬಾಲ್ ಪೂಲ್ ಬೇಡ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ. ಒಂದು ಮಗು ಅದರಲ್ಲಿ ಉಚ್ಚೆ ಮಾಡಿದರೆ ಸಾವಿರ ಚೆಂಡು ತೊಳೆಯುವವರು ಯಾರು? ಮಳೆಗಾಲದಲ್ಲಿ ಕೈ-ಕಾಲು-ಬಾಯಿ ರೋಗ ಚಿಕ್ಕ ಮಕ್ಕಳಲ್ಲಿ ಬೇಗ ಹರಡುತ್ತದೆ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡಲ್ಲ, ಸೋಪು ನೀರೇ ಬೇಕು. ಹೊರಗಿನ ನಲ್ಲಿ ಹತ್ತಿರ ಸೋಪು, ಮಕ್ಕಳ ಎತ್ತರಕ್ಕೆ ಒಂದು ಸ್ಟೂಲು ಇಡಿ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಕೈ ತೊಳೆಯಲಿ. ಜ್ವರ, ಮೈಮೇಲೆ ಗುಳ್ಳೆ ಇದ್ದರೆ ಆ ವಾರ ಮನೆಯಲ್ಲೇ ಇರಲಿ.

ಇನ್ನೊಂದು. ಬಟನ್ ಸೆಲ್ (ಗುಂಡಿಯಂಥ ಪುಟ್ಟ ಬ್ಯಾಟರಿ) ಹಾಕುವ ಆಟಿಕೆ ಯಾರೂ ತರಬೇಡಿ. ಲೈಟ್ ಬರುವ ಬಳೆ, ಹಾಡುವ ಕಾರ್ಡು, ಅಂಥವು. ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ. ಮಗುವಿಗೆ ಹೇಳಲು ಬರಲ್ಲ, ಸುಮ್ನೆ ಜೊಲ್ಲು ಸುರಿಸುತ್ತಾ ಊಟ ಬಿಡುತ್ತದೆ. ಇದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ.

ಮನೆ 33 (ಮೆಸ್ಕಾಂ ನಿವೃತ್ತ):
ಬೆಳಿಗ್ಗೆ ಹೋಗಿ ಕೋಣೆ ನೋಡಿ ಬಂದೆ. ಮುಂದೆ ರೋಲಿಂಗ್ ಶಟರ್, ಹಿಂದೆ ಒಂದು ಮರದ ಬಾಗಿಲು. ಆ ಬಾಗಿಲಿಗೆ ಅಡ್ಡಲಾಗಿ ಪೆಂಡಾಲಿನ ಕಂಬ ಪೇರಿಸಿದ್ದಾರೆ. ಅಂದರೆ ಹೊರಗೆ ಬರಲು ಇರುವುದು ಒಂದೇ ದಾರಿ.

2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿರಬೇಕು. 27 ಜನ ತೀರಿಹೋದರು, ಅದರಲ್ಲಿ ಮಕ್ಕಳೂ ಇದ್ದರು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೂ (ಎನ್‌ಒಸಿ) ಅಲ್ಲಿ ಇರಲಿಲ್ಲ. ನಮ್ಮದು ಚಿಕ್ಕ ಕೋಣೆ ಅಂತ ಅಸಡ್ಡೆ ಬೇಡ. ಎರಡೂ ಬಾಗಿಲು ತೆರೆದುಕೊಳ್ಳದೆ ಒಂದು ಮಗುವೂ ಒಳಗೆ ಹೋಗಬಾರದು. ಶಟರ್ ಮೇಲಕ್ಕೆತ್ತಿ ಲಾಕ್ ಹಾಕಲೇಬೇಕು, ಅರ್ಧ ಇಳಿಸಿ ಬಿಡುವ ಹಾಗಿಲ್ಲ.

ವೈರಿಂಗ್ ಹಳೇದು. ಸಾಕೆಟ್‌ಗಳು ನೆಲದಿಂದ ಒಂದು ಅಡಿ ಎತ್ತರದಲ್ಲಿವೆ, ಮಗುವಿನ ಬೆರಳಿಗೆ ಸರಿಯಾಗಿ ಸಿಗುತ್ತವೆ. ಕೆಳಗಿನ ನಾಲ್ಕು ಪಾಯಿಂಟ್ ಕಿತ್ತು ಮುಚ್ಚುತ್ತೇನೆ. 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕುತ್ತೇನೆ. ಕೂಲಿ ಬೇಡ, ಸಾಮಾನಿನ ದುಡ್ಡು ಸಂಘ ಕೊಡಲಿ.

ಮನೆ 52:
ಒಳ್ಳೇ ಕೆಲಸ, ವಿರೋಧ ಇಲ್ಲ. ಆದರೆ ಸಂಘದ ದುಡ್ಡು ಅಂದರೆ ಸದಸ್ಯರ ದುಡ್ಡು. ಮೊದಲು ಸದಸ್ಯರ ಮಕ್ಕಳಿಗೆ ಮಾತ್ರ ಇರಲಿ. ಎಲ್ಲರನ್ನೂ ಬಿಟ್ಟರೆ ಮಕ್ಕಳು ಜಾಸ್ತಿ ಆಗುತ್ತಾರೆ, ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದ್ದು?

ಮನೆ 27, 3ನೇ ಕ್ರಾಸ್:
ನಿಮ್ಮ ಭಯ ಅರ್ಥವಾಗುತ್ತೆ ಸರ್. ಆದರೆ ಮಂಗಳವಾರ ಚಕ್ರದ ಹತ್ತಿರ ಕೂತಿದ್ದವಳು ಸದಸ್ಯರ ಮಗಳಲ್ಲ. ಅವಳ ಅಮ್ಮ ನಮ್ಮ ಮನೆ ಪಾತ್ರೆ ತೊಳೆಯುವಾಗ ಅವಳು ಎಲ್ಲಿರಬೇಕು? ಸಂಜೆ ಹೊತ್ತಿಗೆ ಅಂಗನವಾಡಿ ಬಾಗಿಲು ಹಾಕಿರುತ್ತೆ. ನಮ್ಮ ಮಕ್ಕಳಿಗಾದರೂ ಮನೆಯೊಳಗೆ ಒಂದು ಹಾಲ್ ಇದೆ. ಈ ಕೋಣೆ ಅವಳಿಗೆ ಇಲ್ಲ ಅಂತಾದರೆ ನಾನು ಈ ಮಾತು ಎತ್ತಿದ್ದೇ ದಂಡ.

ಮನೆ 61:
ಮೊಮ್ಮಗಳ ಕೈಲಿ ಟೈಪ್ ಮಾಡಿಸುತ್ತಿದ್ದೇನೆ. ನಾನು ಅಂಗನವಾಡಿ ಕಾರ್ಯಕರ್ತೆಯಾಗಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವಳು. ನಮ್ಮ ರಾಜ್ಯದಲ್ಲಿ ಈ ಯೋಜನೆ 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾಯಿತು. ಈಗ ಹಳ್ಳಿ ಕಡೆ ಪಂಚಾಯಿತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ಬಂದಿದೆ. ಪೇಟೆಯಲ್ಲಿ ಮನೆಗೆಲಸಕ್ಕೆ ಹೋಗುವವರ ಮಕ್ಕಳನ್ನು ಯಾರು ನೋಡಬೇಕು? ಎಲ್ಲಾ ಮಕ್ಕಳೂ ಬರಲಿ ಕಣಪ್ಪಾ. ಮಕ್ಕಳಿಗೆ ಯಾರು ಸದಸ್ಯರು ಅಂತ ಏನು ಗೊತ್ತು?

ಆದರೆ 52ನೇ ಮನೆಯವರು ಕೇಳಿದ್ದೂ ಸರಿ. ಒಂದೇ ಸಲಕ್ಕೆ ಹತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರೇ ಇದ್ದರೆ, ಒಂದು ಮಗುವನ್ನು ಬಚ್ಚಲಿಗೆ ಕರೆದುಕೊಂಡು ಹೋದಾಗ ಉಳಿದವರ ಗತಿ? ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಬಾಗಿಲು ಹಾಕಿಕೊಂಡು ಇರಬಾರದು, ಅದು ಯಾರೇ ಆಗಿರಲಿ.

ನನ್ನ ಹತ್ತಿರ ಹಳೇ ಅಳಗುಳಿಮಣೆ ಇದೆ, ಕೊಡುತ್ತೇನೆ. ಅದರ ಜೊತೆಗಿರುವ ಗುಲಗಂಜಿ ಮಾತ್ರ ಕೊಡಲ್ಲ. ನೋಡಲು ಚೆಂದ, ಕೆಂಪು ಮೈ, ಕಪ್ಪು ಕಣ್ಣು. ಅಗಿದು ನುಂಗಿದರೆ ವಿಷ. ಹುಣಸೆ ಬೀಜ ಹಾಕೋಣ. ಅದೂ ಮೂಗಿಗೆ ತುರುಕುವ ವಯಸ್ಸಿನವರಿಗೆ ಸಿಗದ ಹಾಗೆ ಮೇಲಿನ ಶೆಲ್ಫಲ್ಲಿ ಇರಲಿ, ಐದು ದಾಟಿದವರು ದೊಡ್ಡವರ ಜೊತೆ ಕೂತು ಆಡಲಿ.

ಮನೆ 18:
ಅಜ್ಜಿ ಹೇಳಿದ ಹತ್ತು ಲೆಕ್ಕಕ್ಕೂ ಸರಿಯಾಗಿದೆ. ಅಮೆರಿಕದ ಹಲವು ರಾಜ್ಯಗಳ ಡೇಕೇರ್ ನಿಯಮದಲ್ಲಿ ಒಂದು ಮಗುವಿಗೆ ಒಳಗೆ 35 ಚದರ ಅಡಿ ಬೇಕು ಅಂತಿದೆ. ನಮ್ಮದು 432 ಚದರ ಅಡಿ. ಶೆಲ್ಫ್, ದೊಡ್ಡವರ ಕುರ್ಚಿಗೆ 80 ಹೋದರೆ 352. ಹತ್ತು ಮಕ್ಕಳು.

ಆಟಿಕೆ ಕೊಡುವವರು ಗಮನಿಸಿ: 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ಹೊಸದು ತಂದರೆ ಅದನ್ನು ನೋಡಿ ತನ್ನಿ. ಮನೆಯಲ್ಲಿರುವ ಚನ್ನಪಟ್ಟಣದ ಬೊಂಬೆ ಕೊಟ್ಟರೆ ಇನ್ನೂ ಸಂತೋಷ. ಹಾಲೆ ಮರ, ಅರಗಿನ ಬಣ್ಣ. ಬಿರುಕು ಬಿಟ್ಟಿದ್ದರೆ, ಸಣ್ಣ ಗುಂಡು ಕಳಚುವಂತಿದ್ದರೆ ಬೇಡ. ಸುಮಾರು 3 ಸೆಂ.ಮೀ.ಗಿಂತ ಚಿಕ್ಕದಾದ ಯಾವ ಚೂರೂ ಮೂರು ವರ್ಷದೊಳಗಿನವರ ಕೈಗೆ ಸಿಗಬಾರದು.

ಮನೆ 40:
ನೆಲಕ್ಕೆ ಫೋಮ್ ಮ್ಯಾಟ್ ನಾನು ಕೊಡಿಸುತ್ತೇನೆ. ರೆಡ್ ಆಕ್ಸೈಡ್ ನೆಲ ಈಗ ಐಸ್ ಥರ ಇದೆ.

ಮನೆ 33:
ತುಂಬಾ ಸಂತೋಷ. ಆದರೆ ಕೆಳಗೆ ತೇವ ಏಳುತ್ತದಮ್ಮಾ. ಮ್ಯಾಟ್ ಹಾಸಿ ಬಿಟ್ಟರೆ ಹದಿನೈದು ದಿನಕ್ಕೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ದಿನಾ ಆಟ ಮುಗಿದ ಮೇಲೆ ಎತ್ತಿ ಗೋಡೆಗೆ ಒರಗಿಸಿ ಇಡಬೇಕು, ಫ್ಯಾನ್ ಹತ್ತು ನಿಮಿಷ ಓಡಲಿ.

ಮನೆ 4 (ಖಜಾಂಚಿ):
ಎಲ್ಲರ ಮಾತೂ ಓದಿದೆ. ಸಂಘ ನೋಂದಣಿಯಾಗಿರುವುದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಆಡಿಟ್ ಇದೆ. ಹಾಗಾಗಿ ಬಾಯಿಮಾತಲ್ಲಿ ದುಡ್ಡು ಕೊಡಲು ಆಗಲ್ಲ. ಶನಿವಾರ ಸಂಜೆ ಭಜನೆ ಮುಗಿದ ಮೇಲೆ ಸಮಿತಿ ಕೂತು ನಿರ್ಣಯ ಬರೆಯೋಣ. ವೈರಿಂಗ್ ಸಾಮಾನು, ಒಂದು ಅಗ್ನಿಶಾಮಕ ಸಿಲಿಂಡರ್, ಎರಡು ಶೆಲ್ಫ್. ಕಂಬಗಳನ್ನು ಟೆರೇಸಿನ ಮೆಟ್ಟಿಲ ಕೆಳಗೆ ಸಾಗಿಸಿದರೆ ಹಬ್ಬಕ್ಕೂ ಕೈಗೆ ಸಿಗುತ್ತವೆ. ಎಲ್ಲಾ ಮಕ್ಕಳಿಗೂ ಅನ್ನುವುದನ್ನು ನಿರ್ಣಯದಲ್ಲೇ ಬರೆಯಬೇಕು ಅನ್ನುವುದು ನನ್ನ ಮನಸ್ಸು. ಆಮೇಲೆ ಬರುವ ಸಮಿತಿ ಬದಲಾಯಿಸಬಾರದು.

ಮನೆ 52:
ಹತ್ತು ಮಕ್ಕಳು, ಇಬ್ಬರು ದೊಡ್ಡವರು, ಬಂದವರ ಹೆಸರು ಬರೆಯಲು ಒಂದು ಪುಸ್ತಕ. ಇಷ್ಟು ಇದ್ದರೆ ನನ್ನದೂ ಒಪ್ಪಿಗೆ. ಗುರುವಾರ ಸಂಜೆಯ ಪಾಳಿಗೆ ನನ್ನ ಮತ್ತು ನನ್ನ ಹೆಂಡತಿಯ ಹೆಸರು ಹಾಕಿ.

ಮನೆ 27, 3ನೇ ಕ್ರಾಸ್:
ತುಂಬಾ ಧನ್ಯವಾದ ಸರ್. ಸೋಮವಾರ, ಬುಧವಾರ ನಾನು ಮತ್ತು ಅಜ್ಜಿ. ಮಂಗಳವಾರ, ಶುಕ್ರವಾರಕ್ಕೆ ಜನ ಬೇಕು, ದಯವಿಟ್ಟು ಹೇಳಿ. ನಮ್ಮ ಕೆಲಸದಾಕೆ ಭಾನುವಾರ ತಾನೂ ಗುಡಿಸಲು ಬರುತ್ತೇನೆ ಅಂದರು. ಕೂಲಿ ಕೊಡುತ್ತೇನೆ ಅಂದಿದ್ದಕ್ಕೆ ‘ಇದಕ್ಕೂನಾ ಅಕ್ಕ’ ಅಂದುಬಿಟ್ಟರು. ನಾವೂ ಬರೋಣ. ಬೆಳಿಗ್ಗೆ 7 ಗಂಟೆ. ಪೊರಕೆ, ಬಕೆಟ್, ಹಳೇ ಬಟ್ಟೆ ತನ್ನಿ. ಹಿಂದಿನ ಮರದ ಬಾಗಿಲಿನ ಕೀಲಿ ಯಾರ ಹತ್ತಿರ ಇದೆ?

ಮನೆ 9:
ನಮ್ಮ ಮನೆ ಮೊಳೆಗೆ ನೇತು ಹಾಕಿದೆ, ಎಷ್ಟೋ ವರ್ಷದಿಂದ. ತುಕ್ಕು ಹಿಡಿದಿದೆ. ಎಣ್ಣೆ ಹಾಕಿ ಇವತ್ತೇ ತೆಗೆದು ನೋಡುತ್ತೇನೆ.