ಪದಚರ್ಚೆ: ಕಾರಿನ ದೀಪ ‘ಆರಿತು’, ‘ಆರಿಸಿದರು’ – ಇನ್ನೊಂದು ಪದ ಬೇಕೆ?

ಮಿತ್ರರೆ,

ಪುಣೆಯಲ್ಲಿ ಗಾಡಿ ಓಡಿಸುವ ವಿಜಯಪುರ, ಕಲಬುರಗಿ ಕಡೆಯ ಕೆಲವು ಚಾಲಕರಿಗಾಗಿ ಡ್ಯಾಶ್‌ಬೋರ್ಡ್ ದೀಪಗಳ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಹೆಸರುಗಳು ಹೇಗೋ ಸಿಗುತ್ತವೆ, ಕ್ರಿಯಾಪದಗಳು ಕಾಡುತ್ತಿವೆ.

ಹೆಸರಿನ ಮಾತು ಬೇಗ ಮುಗಿಸುತ್ತೇನೆ. ಎಂಜಿನ್ನಿನಲ್ಲಿ ದೋಷ ಕಂಡಾಗ ಹತ್ತುವ ಹಳದಿ ದೀಪಕ್ಕೆ ‘ಎಂಜಿನ್ ತಪಾಸಣಾ ದೀಪ’ ಎಂದರೆ ಮೆಕ್ಯಾನಿಕ್ ಬಾನೆಟ್ ಎತ್ತಿ ಒಳಗೆ ಹಿಡಿಯುವ ಲೈಟು ಅನ್ನಿಸುತ್ತದೆ, ಹಾಗಾಗಿ ‘ಚೆಕ್ ಲೈಟ್’ ಎಂದೇ ಬಿಟ್ಟಿದ್ದೇನೆ. ಎಣ್ಣೆ ಒತ್ತಡದ ಕೆಂಪು ಚಿಹ್ನೆಗೆ ‘ಗಿಂಡಿ ದೀಪ’ ಎಂದು ಬರೆದೆ; ಸೊಂಡಿಲಿನಿಂದ ಹನಿ ಬೀಳುವ ಆ ಚಿತ್ರ ನೋಡಿದವರಿಗೆ ವಿವರಣೆಯೇ ಬೇಡ. ಆದರೆ ಎಲ್ಲಕ್ಕೂ ‘ಎಚ್ಚರಿಕೆ ದೀಪ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಗಿಂಡಿ ಕಂಡರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು, ಇಲ್ಲದಿದ್ದರೆ ಎಂಜಿನ್ನೇ ಹೋಗುತ್ತದೆ. ಹಳದಿ ಚೆಕ್ ಲೈಟ್ ಅಲುಗದೆ ಉರಿಯುತ್ತಿದ್ದರೆ ಸಾಮಾನ್ಯವಾಗಿ ಗ್ಯಾರೇಜಿನವರೆಗೆ ನಿಧಾನಕ್ಕೆ ಹೋಗಬಹುದು. ಕೆಂಪಿಗೆ ‘ಅಪಾಯ ದೀಪ’, ಹಳದಿಗೆ ‘ಸೂಚನೆ ದೀಪ’ ಎಂದು ಬೇರೆ ಮಾಡಿದರೆ ಹೇಗೆ?

ಇನ್ನು ಕ್ರಿಯಾಪದ. ಈ ಚಾಲಕರು ‘ಲೈಟ್ ಹತ್ತೈತ್ರಿ’ ಎನ್ನುತ್ತಾರೆ. ಮೈಸೂರು ಕಡೆಯ ನಾನು ‘ಉರೀತಿದೆ’ ಎನ್ನುವವನು, ಆದರೆ ಇಲ್ಲಿ ಅವರ ಮಾತೇ ಸರಿ. ಉರಿಯುವುದು ಮುಂದುವರಿಯುವ ಸ್ಥಿತಿ, ಹತ್ತುವುದು ಶುರುವಾದ ಗಳಿಗೆ. ಗಾಡಿ ಯಾವಾಗ ಕೈಕೊಟ್ಟಿತು ಎಂದು ಕೇಳುವವರಿಗೆ ಬೇಕಾದದ್ದು ಆ ಗಳಿಗೆಯೇ. ಸಾಲದ್ದಕ್ಕೆ ಆ ಕಡೆ ರೊಕ್ಕವೂ ‘ಹತ್ತುತ್ತದೆ’, ಅಂದರೆ ಖರ್ಚಾಗುತ್ತದೆ. ಲೈಟ್ ಹತ್ತಿದ ಮೇಲೆ ಎಷ್ಟು ಹತ್ತಿತು ಎಂದು ಒಂದೇ ಉಸಿರಿನಲ್ಲಿ ಕೇಳಬಹುದು.

ನನ್ನ ಗೊಂದಲವೆಲ್ಲ ದೀಪ ಹೋಗುವ ಕಡೆಗಿದೆ. ದೋಷ ಮತ್ತೆ ಕಾಣದೆ ಗಾಡಿ ಸತತ ಮೂರು ಓಟ (ಎಂಜಿನ್ ಶುರು ಮಾಡಿ, ಓಡಿಸಿ, ಬಂದ್ ಮಾಡುವವರೆಗೆ ಒಂದು ಓಟ) ಮುಗಿಸಿದರೆ ಚೆಕ್ ಲೈಟ್ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಇದು ‘ಆರಿತು’. ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿದರೂ ದೀಪ ಹೋಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಇದು ‘ಆರಿಸಿದರು’. ಹೊಸದಾಗಿ ಅಳಿಸಿದ ಮೇಲೆ ಎಷ್ಟೋ ದೋಷಗಳು ಎರಡು ಓಟಗಳಲ್ಲಿ ಮತ್ತೆ ಕಂಡರೆ ಮಾತ್ರ ದೀಪ ಹತ್ತಿಸುತ್ತವೆ. ಅಂದರೆ ಬಿಲ್ ಕಟ್ಟಿ ಮನೆ ಮುಟ್ಟುವವರೆಗೆ ಎಲ್ಲವೂ ಚೆಂದ. ನನ್ನ ಗಾಡಿಯಲ್ಲಿ ಇದೇ ಆಯಿತು. ಮರಾಠಿಯಲ್ಲಿ ‘ಸೆನ್ಸರ್ ಗೇಲಾ’ (ಸೆನ್ಸರ್ ಹೋಯಿತು) ಎಂದು ಹೊಸದು ಹಾಕಿ, ದೀಪ ಹೋದದ್ದನ್ನು ತೋರಿಸಿ ಕಳಿಸಿದರು. ಊರಿಗೆ ಹೊರಟಾಗ ಖಂಬಾಟಕಿ ಘಾಟಿನಲ್ಲಿ ಮತ್ತೆ ಹತ್ತಿತು. ಕೋಡ್ ಪಿ0171, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿ ಎಂಬ ಲಕ್ಷಣ. ಇಂಥ ಭಾಗ ಬದಲಿಸಿ ಎಂದು ಅದು ಹೇಳುವುದೇ ಇಲ್ಲ. ಕೊನೆಗೆ ಸಿಕ್ಕಿದ್ದು ಬಿರುಕು ಬಿಟ್ಟ ಒಂದು ರಬ್ಬರ್ ಪೈಪು.

‘ಆರಿತು–ಆರಿಸಿದರು’ ಜೋಡಿ ವ್ಯಾಕರಣಕ್ಕೆ ಸರಿ. ಆದರೆ ನಿಜವಾಗಿ ರಿಪೇರಿ ಮಾಡಿದವರೂ ‘ಲೈಟ್ ಆರಿಸಿಕೊಟ್ಟೆ’ ಎನ್ನುತ್ತಾರಲ್ಲ? ಬರೀ ಕೋಡ್ ಅಳಿಸಿದ್ದಕ್ಕೆ ಬೇರೆ ಮಾತು ಬೇಕು. ‘ಕೆಡಿಸು’ ಹಳೆಯ ಪದ, ದೀಪಕ್ಕೂ ಬೆಂಕಿಗೂ ಸಲ್ಲುತ್ತದೆ. ಗ್ಯಾರೇಜಿನಲ್ಲಿ ಮಾತ್ರ ‘ದೀಪ ಕೆಡಿಸಿದರು’ ಎಂದರೆ ಜಗಳವೇ ಆದೀತು. ದೇವರ ದೀಪಕ್ಕೆ ‘ಆರಿಸು’ ಎನ್ನಬಾರದೆಂದು ‘ಶಾಂತ ಮಾಡು’ ಎನ್ನುವ ಮನೆಗಳಿವೆ. ಚೆಕ್ ಲೈಟಿಗೆ ಅದನ್ನು ವ್ಯಂಗ್ಯವಾಗಿ ಬಳಸುವ ಆಸೆ ನನಗಿದೆ, ಆದರೆ ಕೈಪಿಡಿಯಲ್ಲಿ ವ್ಯಂಗ್ಯ ನಡೆಯದು. ‘ಬಾಯಿ ಮುಚ್ಚಿಸಿದರು’ ಎಂದು ಒಬ್ಬ ಚಾಲಕರು ಸೂಚಿಸಿದರು. ಸದ್ಯಕ್ಕೆ ನನ್ನ ಮತ ಅದಕ್ಕೇ.

ಇನ್ನೊಂದು ಉಳಿದಿದೆ. ಚೆಕ್ ಲೈಟ್ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿದ್ದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದು ಅರ್ಥ. ಹಾಗೇ ಜೋರಾಗಿ ಓಡಿಸಿದರೆ ಹೊಗೆಯ ವಿಷ ತಗ್ಗಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ‘ಮಿನುಗುತ್ತಿದೆ’ ಎಂದು ಬರೆದರೆ ನಕ್ಷತ್ರ ನೆನಪಾಗುತ್ತದೆ, ಯಾರೂ ಹೆದರುವುದಿಲ್ಲ. ‘ಮಿಟುಕುತ್ತಿದೆ’ ಸ್ವಲ್ಪ ವಾಸಿ. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರದ ಗ್ಯಾರೇಜುಗಳಲ್ಲಿ ಇದಕ್ಕೆ ಏನೆನ್ನುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಕಳಿಸಿ, ತಿದ್ದಬೇಡಿ.