ಹೆಪ್ಪು ಕರಗಿಸುವ ಟಿಪಿಎ ಕಿಣ್ವಕ್ಕೂ ನೆನಪಿಗೂ ಏನು ಸಂಬಂಧ?

ಪ್ರಶ್ನೆ – ಕುತೂಹಲಿ
ಕಳೆದ ವರ್ಷ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಆದಾಗ ಆಲ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟರು. ಅದು ನಮ್ಮ ರಕ್ತನಾಳಗಳ ಒಳಪದರವೇ ತಯಾರಿಸುವ ಟಿಪಿಎ ಎಂಬ ಕಿಣ್ವವನ್ನು ಹೋಲುವಂತೆ ಪ್ರಯೋಗಾಲಯದಲ್ಲಿ ರೂಪಿಸಿದ್ದೆಂದು ಆಮೇಲೆ ತಿಳಿಯಿತು. ಇದೇ ಕಿಣ್ವವನ್ನು ನರಕೋಶಗಳೂ ಸ್ರವಿಸುತ್ತವೆ, ಕಲಿಕೆಗೆ ಅದು ಬೇಕು ಎಂದು ಓದಿದಾಗಿನಿಂದ ಗೊಂದಲವಾಗಿದೆ. ಎರಡು ನರಕೋಶಗಳು ಸಂದೇಶ ಹಂಚಿಕೊಳ್ಳುವ ಸಂಧಿಯಾದ ಸಿನಾಪ್ಸ್‌ನಲ್ಲಿ ರಕ್ತವೂ ಇಲ್ಲ, ಹೆಪ್ಪೂ ಇಲ್ಲ. ಅಲ್ಲಿ ಅದು ಏನನ್ನು ಕರಗಿಸುತ್ತದೆ? ಹೊರಗಿನಿಂದ ಕೊಟ್ಟ ಔಷಧಿ ನೆನಪಿನ ಮೇಲೂ ಪರಿಣಾಮ ಬೀರಬಹುದೇ?

ಉತ್ತರ – ಜೀವರಸಾಯನ ಮೇಷ್ಟ್ರು
‘ಹೆಪ್ಪು ಕರಗಿಸುವ ಕಿಣ್ವ’ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಟಿಪಿಎ ನೇರವಾಗಿ ಹೆಪ್ಪನ್ನು ಮುಟ್ಟುವುದಿಲ್ಲ. ಅದು ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಕತ್ತರಿಸಿ ಪ್ಲಾಸ್ಮಿನ್ ಮಾಡುತ್ತದೆ, ಹೆಪ್ಪಿನ ಫೈಬ್ರಿನ್ ಬಲೆಯನ್ನು ತುಂಡರಿಸುವುದು ಈ ಪ್ಲಾಸ್ಮಿನ್. ಅಂದರೆ ಅದೊಂದು ಕತ್ತರಿ. ರಕ್ತದಲ್ಲಿ ಫೈಬ್ರಿನ್ ಸಿಕ್ಕಿತು, ಮಿದುಳಿನಲ್ಲಿ ಬೇರೇನೋ ಸಿಗುತ್ತದೆ.

1993ರಲ್ಲಿ ಕಂಡುಬಂದ ಸಂಗತಿಯೆಂದರೆ, ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್‌ನ ನರಕೋಶಗಳನ್ನು ಸಿನಾಪ್ಸ್ ಬಲಗೊಳ್ಳುವಷ್ಟು (ನೆನಪು ಉಳಿಯುವುದು ಹೀಗೆ ಎಂದು ಭಾವಿಸಲಾಗಿದೆ) ತೀವ್ರವಾಗಿ ಪ್ರಚೋದಿಸಿದಾಗ ಟಿಪಿಎಯ ಜೀನ್ ಬಹುಬೇಗ ಚುರುಕಾಗುತ್ತದೆ. ಬಳಿಕ 1996ರಲ್ಲಿ, ಆ ಜೀನನ್ನೇ ತೆಗೆದ ಇಲಿಗಳಲ್ಲಿ ಸಿನಾಪ್ಸ್‌ಗಳು ಮೊದಲ ಹಂತದಲ್ಲಿ ಎಂದಿನಂತೆ ಬಲಗೊಂಡರೂ, ಗಂಟೆಗಟ್ಟಲೆ ಉಳಿಯಬೇಕಾದ ತಡವಾದ ಹಂತ ಮಾತ್ರ ಕುಂಠಿತವಾಗಿತ್ತು. ಕಾರಣದ ಬಹುಪಾಲು 2004ರಲ್ಲಿ ದೊರಕಿತು. ನರಕೋಶಗಳ ಪೋಷಕ ಪ್ರೋಟೀನಾದ ಬಿಡಿಎನ್‌ಎಫ್ ಮೊದಲಿಗೆ ಅಪಕ್ವ ರೂಪದಲ್ಲಿರುತ್ತದೆ. ಟಿಪಿಎ ಹುಟ್ಟಿಸಿದ ಪ್ಲಾಸ್ಮಿನ್ ಅದರ ಹೆಚ್ಚುವರಿ ತುಂಡನ್ನು ಕತ್ತರಿಸಿ ಪಕ್ವಗೊಳಿಸುತ್ತದೆ. ಟಿಪಿಎ ಇಲ್ಲದ ಇಲಿಗಳ ಮಿದುಳಿನಿಂದ ಕತ್ತರಿಸಿ ತೆಗೆದ ತೆಳು ಹೋಳಿಗೆ ಪಕ್ವ ಬಿಡಿಎನ್‌ಎಫ್ ಸೇರಿಸಿದಾಗ, ಕಳೆದುಹೋಗಿದ್ದ ತಡವಾದ ಹಂತ ಮರಳಿ ಬಂತು. ಈ ಪ್ರಯೋಗ ನನಗೆ ಬಹಳ ಮೆಚ್ಚುಗೆಯಾದದ್ದು, ಏಕೆಂದರೆ ಕಿಣ್ವ ಇಲ್ಲದೆಯೂ ಅದರ ಫಲವನ್ನು ಕೈಯಾರೆ ಕೊಟ್ಟು ಕೊರತೆಯನ್ನು ತುಂಬಿಸಿದರು.

ಪ್ರಶ್ನೆ – ಕುತೂಹಲಿ
ಹಾಗಾದರೆ ಕತ್ತರಿಸದೆ ಉಳಿದ ಬಿಡಿಎನ್‌ಎಫ್ ಸುಮ್ಮನೆ ವ್ಯರ್ಥವೇ?

ಉತ್ತರ – ಜೀವರಸಾಯನ ಮೇಷ್ಟ್ರು
ಅಲ್ಲ, ಅದೇ ಇಲ್ಲಿನ ಸ್ವಾರಸ್ಯ. ಪಕ್ವ ರೂಪವು ಟ್ರ್ಕ್‌ಬಿ ಎಂಬ ಗ್ರಾಹಿಯನ್ನು (ಕೋಶದ ಮೇಲ್ಮೈಯಲ್ಲಿ ಸಂದೇಶ ಹಿಡಿಯುವ ಪ್ರೋಟೀನನ್ನು) ಹಿಡಿದು ಸಿನಾಪ್ಸ್ ಬಲಪಡಿಸಿದರೆ, ಅಪಕ್ವ ರೂಪವು ಪಿ75 ಎಂಬ ಬೇರೆಯೇ ಗ್ರಾಹಿಯನ್ನು ಹಿಡಿದು ಅದನ್ನು ದುರ್ಬಲಗೊಳಿಸುವುದಕ್ಕೆ ನೆರವಾಗುತ್ತದೆ. ಒಂದು ಕತ್ತರಿಕೆಯಿಂದ ಸಂದೇಶದ ಅರ್ಥವೇ ತಿರುವುಮುರುವಾಗುತ್ತದೆ.

ಉತ್ತರ – ನರವಿಜ್ಞಾನ ವಿದ್ಯಾರ್ಥಿನಿ
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ ಇದೆ. ಎಲ್ಲ ಕೆಲಸವೂ ಕತ್ತರಿಯದಲ್ಲ. ಟಿಪಿಎಯ ಕತ್ತರಿಸುವ ಭಾಗವನ್ನು ನಿಷ್ಕ್ರಿಯಗೊಳಿಸಿದರೂ ಅದು ಮಿದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಪ್ರಚೋದಿಸಬಲ್ಲುದು. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹಿಡಿಯುವ ಎನ್‌ಎಂಡಿಎ ಗ್ರಾಹಿಯ ವಿಚಾರದಲ್ಲಂತೂ ಜಗಳವೇ ನಡೆದಿದೆ: 2001ರಲ್ಲಿ ಒಂದು ತಂಡ ಟಿಪಿಎ ಆ ಗ್ರಾಹಿಯ ಎನ್‌ಆರ್1 ಘಟಕವನ್ನು ಕತ್ತರಿಸಿ ಕ್ಯಾಲ್ಸಿಯಂ ಒಳಹರಿವನ್ನು ಹೆಚ್ಚಿಸುತ್ತದೆ ಎಂದಿತು, ಆದರೆ ಇತರರು ನೇರ ಕತ್ತರಿಕೆಯನ್ನು ಒಪ್ಪದೆ, ಎಲ್‌ಆರ್‌ಪಿ1 ಎಂಬ ಮತ್ತೊಂದು ಗ್ರಾಹಿಯ ಮೂಲಕ ಆ ಪರಿಣಾಮ ಬರುತ್ತದೆಂದು ವಾದಿಸಿದರು.

ಇದು ನಿಮ್ಮ ಎರಡನೆಯ ಪ್ರಶ್ನೆಗೂ ಮುಖ್ಯ. ಎನ್‌ಎಂಡಿಎ ಗ್ರಾಹಿ ಅತಿಯಾಗಿ ಕೆರಳಿದರೆ ನರಕೋಶ ಸಾಯುತ್ತದೆ. ಟಿಪಿಎ ಇಲ್ಲದ ಇಲಿಗಳು ಅಂತಹ ಸಾವನ್ನು ಹೆಚ್ಚು ತಡೆದುಕೊಂಡವೆಂದು 1995ರಲ್ಲೇ ವರದಿಯಾಗಿತ್ತು. ಅದಕ್ಕೇ ನರಕೋಶಗಳು ನ್ಯೂರೋಸರ್ಪಿನ್ ಎಂಬ ಪ್ರೋಟೀನನ್ನು ಸ್ರವಿಸಿ ಟಿಪಿಎಗೆ ಕಡಿವಾಣ ಹಾಕುತ್ತವೆ. ಆದರೆ ಇಲಿಯ ಮಾತನ್ನು ನೇರವಾಗಿ ರೋಗಿಗೆ ಅನ್ವಯಿಸಬೇಡಿ. ಚುಚ್ಚುಮದ್ದಿನ ಟಿಪಿಎಯ ಅರ್ಧಾಯುಷ್ಯ ರಕ್ತದಲ್ಲಿ ಕೆಲವೇ ನಿಮಿಷ, ಆರೋಗ್ಯವಂತ ಮಿದುಳಿಗೆ ರಕ್ತದಲ್ಲಿನ ವಸ್ತುಗಳು ಸುಲಭವಾಗಿ ಒಳನುಗ್ಗದಂತೆ ತಡೆಗೋಡೆಯೂ ಇದೆ, ಪಾರ್ಶ್ವವಾಯುವಿನಲ್ಲಿ ಅದು ಸಡಿಲಗೊಳ್ಳಬಹುದು ನಿಜ. 1995ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಮೂರು ಗಂಟೆಯೊಳಗೆ ಔಷಧಿ ಪಡೆದವರು ಮೂರು ತಿಂಗಳ ಬಳಿಕ ಅಂಗವೈಕಲ್ಯವಿಲ್ಲದೆ, ಅಥವಾ ಅತ್ಯಲ್ಪ ವೈಕಲ್ಯದೊಂದಿಗೆ, ಇರುವ ಸಾಧ್ಯತೆ ಔಷಧಿ ಪಡೆಯದವರಿಗಿಂತ ಕನಿಷ್ಠ ಶೇ. 30ರಷ್ಟು ಹೆಚ್ಚಿತ್ತು, ವೈದ್ಯರು ಮುಖ್ಯವಾಗಿ ಅಂಜುವುದು ಮಿದುಳಿನ ರಕ್ತಸ್ರಾವಕ್ಕೆ. ತಂದೆಯವರಿಗೆ ಮರೆವು ಕಾಣಿಸಿದರೆ ಮೊದಲು ಅನುಮಾನಿಸಬೇಕಾದದ್ದು ಪಾರ್ಶ್ವವಾಯುವಿನಿಂದಾದ ಹಾನಿಯನ್ನು. ಅದನ್ನು ನರರೋಗ ತಜ್ಞರಿಗೆ ತೋರಿಸಿ.